ಪೋತ್ನಾಳ ಬಸ್ಸಿನ ಬಸಿರು

ಮಾನ್ವಿಯಿಂದ ಪೋತ್ನಾಳಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಉಮಾಶ್ರೀಗೆ ನಾಲ್ಕು ತಿಂಗಳಾದದ್ದು ಶಿವರಾತ್ರಿಯ ಮಾರನೆಯ ದಿನ. ಅದಕ್ಕೆ ಮುಂಚೆ ಅವಳು ಬಸುರಿಯಾಗಿರಲಿಲ್ಲ. ಆಮೇಲೂ ಆಗಲಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಅದರಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಪೋತ್ನಾಳದ ಶಾಲೆಯಲ್ಲಿ ಟೀಚರಾಗಿದ್ದ ಉಮಾಶ್ರೀ ಕಂಬಿ ಹಿಡಿದು ನಿಂತಿದ್ದಳು. ನಸುಕಿಗೇ ಮಾನ್ವಿ ಮಾರ್ಕೆಟ್ಟಿಗೆ ಹೋಗಿ ಹೂವು ತಂದು ತನ್ನೂರು ಪೋತ್ನಾಳದಲ್ಲಿ ಮಾರುವ ಅಮರಮ್ಮ ಎಂಬ ಮುದುಕಿ, ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಎದುರಿಗೇ ಕೂತಿದ್ದಳು. ಪಕ್ಕದಲ್ಲಿದ್ದ ಗಂಡಸಿನ ಪಕ್ಕೆಗೆ ಆಕೆ ತಿವಿದಳು.

“ಏಳೋ ಯಪ್ಪಾ, ಕಣ್ಣು ಕಾಣಂಗಿಲ್ಲೇನು? ಬಸುರಿ ಹೆಣ್ಮಗಳು ನಿಂತಾಳ.”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಉಮಾಶ್ರೀಯ ಅವಳಿ ಹೆಣ್ಣುಮಕ್ಕಳಿಗೆ ಆಗಲೇ ನಾಲ್ಕು ವರ್ಷ. ಅವರು ಹೊರಗೆ ಬಂದ ಸುದ್ದಿ ತನಗಿನ್ನೂ ಮುಟ್ಟಿಲ್ಲ ಎಂಬಂತೆ ಹೊಟ್ಟೆ ಮಾತ್ರ ಮುಂದಕ್ಕೇ ಇತ್ತು. ಇದು ಬಸಿರಲ್ಲ, ಬರೀ ಹೊಟ್ಟೆ ಎಂದು ಅಷ್ಟು ಜನರ ಮುಂದೆ ಹೇಳುವುದಕ್ಕಿಂತ ಕೂತುಬಿಡುವುದು ಸುಲಭವಾಗಿ ಕಂಡಿತು. ಕೂತಳು.

“ಎಷ್ಟು ತಿಂಗಳಾತವ್ವಾ?”

“ನಾಕು,” ಎಂದಿತು ಅವಳ ಬಾಯಿ.

ಮರುದಿನದಿಂದ ಅಮರಮ್ಮ ತನ್ನ ಪಕ್ಕದಲ್ಲಿ ಸೆರಗು ಹಾಸಿ ಜಾಗ ಹಿಡಿಯತೊಡಗಿದಳು. ಒಂದು ದಿನ ಹುಣಸೆಕಾಯಿ ತಂದರೆ, ಇನ್ನೊಂದು ದಿನ ಮಾವಿನ ಮಿಡಿ. ಕಂಡಕ್ಟರ್ ವಿರೂಪಣ್ಣ ಸಹ ರಸ್ತೆಯ ಹಂಪು ಬಂದಾಗ, “ಸಾವಕಾಶ ಹೊಡೀರಿ, ಟೀಚರಮ್ಮ ಅದಾರ,” ಎಂದು ಡ್ರೈವರಿಗೆ ಕೂಗುತ್ತಿದ್ದ. ಉಮಾಶ್ರೀಗೆ ನಾಚಿಕೆಯಿಂದ ಮೈ ಮುದುಡುತ್ತಿತ್ತು. ಅದರ ಜೊತೆಗೇ, ಯಾರೋ ತನ್ನನ್ನು ಜೋಪಾನ ಮಾಡುತ್ತಿದ್ದಾರೆಂಬ ಹಿತವೂ ಆಗುತ್ತಿತ್ತು.

ಆದರೆ ಸುಳ್ಳಿಗೂ ತಿಂಗಳು ತುಂಬುತ್ತವೆ. ಯುಗಾದಿಗೆ ಮುಂಚೆಯೇ ಅವಳು ಗಂಡ ಬಸವಪ್ರಸಾದನನ್ನು ಕರೆದುಕೊಂಡು ರಾಯಚೂರಿಗೆ ಹೋದಳು. ಖಾಸಗಿ ಆಸ್ಪತ್ರೆಯೊಂದಕ್ಕೆ ಹೈದರಾಬಾದಿನಿಂದ ಬಂದು ಹೋಗುವ ಪ್ಲಾಸ್ಟಿಕ್ ಸರ್ಜನ್ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. ಅವಳಿ ಬಸಿರಿನಲ್ಲಿ ನಡುವಿನ ಸ್ನಾಯುಗಳು ಅಗಲಿವೆ, ವ್ಯಾಯಾಮಕ್ಕೆ ಕೂಡುವಂಥವಲ್ಲ, ಒಳಗೆ ಹೊಲಿದು ಜೋತ ಚರ್ಮ ತೆಗೆಯಬೇಕು ಎಂದರು. ಇನ್ನೊಂದು ಮಗು ಬೇಕೆಂದಿದ್ದರೆ ಈಗಲೇ ಆಪರೇಶನ್ ಬೇಡ ಎಂದೂ ಹೇಳಿದರು. ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು, ಮಕ್ಕಳು ಸಾಕು.

“ಕೆಲವರು ಎದೆಯದನ್ನೂ ಜೊತೆಗೇ ಮಾಡಿಸಿಕೊಳ್ತಾರೆ,” ಎಂದರು ಡಾಕ್ಟರಮ್ಮ. “ಹಾಲು ಕುಡಿಸಿ ಇಳಿದಿರುತ್ತಲ್ಲ, ಇಂಪ್ಲಾಂಟ್ ಇಟ್ಟು ತುಂಬಿಸ್ತೀವಿ. ಅರಿವಳಿಕೆ ಒಂದೇ ಸಲ ಸಾಕು. ಆದರೆ ನೋವು ಎರಡೂ ಕಡೆ ಇರುತ್ತೆ. ಮುಂದೆ ಯಾವಾಗಾದರೂ ಅದನ್ನ ಬದಲಿಸಬೇಕಾಗಬಹುದು. ಮಾಡಿಸಲೇಬೇಕು ಅಂತೇನಿಲ್ಲ, ಯೋಚನೆ ಮಾಡಿ.”

ಉಮಾಶ್ರೀ ಅಲ್ಲಿಯವರೆಗೆ ತನ್ನ ಎದೆಯ ಬಗ್ಗೆ ಯೋಚಿಸಿದವಳೇ ಅಲ್ಲ. ವಾಪಸ್ ಬರುವಾಗ ಕಾರು ಕಲ್ಮಲ ದಾಟುವಷ್ಟರಲ್ಲಿ ಬೇರೇನನ್ನೂ ಯೋಚಿಸಲಾರದವಳಾದಳು.

“ಎರಡೂ ಮಾಡಿಸ್ಕೋತೀನ್ರಿ.”

ಬಸವಪ್ರಸಾದ ರಸ್ತೆ ಬಿಟ್ಟು ಅವಳ ಕಡೆ ನೋಡಿದ. “ನಾ ಏನರ ಅಂದೀನೇನು, ಉಮಾ?”

“ಇಲ್ರಿ.”

“ಮತ್ತ ಯಾರ ಸಲುವಾಗಿ?”

“ನನಗ ಬೇಕನಸ್ತು.”

ಹೇಳಿದ ಮೇಲೆ ಅದೂ ಅನುಮಾನವಾಯಿತು. ಬೇಕೆನಿಸಿದ್ದು ಡಾಕ್ಟರಮ್ಮ ಹೇಳಿದ ಮೇಲಲ್ಲವೇ? ಹಾಗಾದರೆ ಅದು ಯಾರ ಬೇಕು? ಅಕ್ಕಿ ಗಿರಣಿಯಲ್ಲಿ ದಿನವೂ ಹತ್ತು ಜನರಿಗೆ ಉತ್ತರ ಕೊಡುವ ಬಸವಪ್ರಸಾದ ಮಾನ್ವಿ ಬರುವವರೆಗೂ ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದ. ಮನೆಯ ಮುಂದೆ ಇಳಿಯುವಾಗ, “ಆತು, ನಿನ್ನ ಮೈ,” ಎಂದ.

ಬೇಸಿಗೆ ರಜೆ ಬಿದ್ದ ಕೂಡಲೇ ಆಪರೇಶನ್ ಆಯಿತು. ಮಂದಿಗೆ ಹರ್ನಿಯಾ ಎಂದು ಹೇಳಿ, ಆರೈಕೆಗೆ ದೇವದುರ್ಗದ ತವರುಮನೆಗೆ ಹೋದಳು. ಹೊಟ್ಟೆಗೆ ಬಿಗಿದ ಪಟ್ಟಿಯ ಒಳಗೆ ಬೆವರು ಹರಿಯುತ್ತಿತ್ತು. ನೆಟ್ಟಗೆ ನಿಲ್ಲಲಾಗದೆ ಮುದುಕಿಯ ಹಾಗೆ ಬಾಗಿ ನಡೆದಳು. ಎತ್ತಿಕೋ ಎಂದು ಬಂದ ಮಕ್ಕಳನ್ನು ತಾಯಿ ಬಸವಂತಮ್ಮ ಅಡ್ಡ ಬಂದು ಕರೆದೊಯ್ಯುತ್ತಿದ್ದಳು. ಮೈ ಒರೆಸುವಾಗ ಒಂದು ದಿನ ಬಸವಂತಮ್ಮನ ಕೈ ಎದೆಯ ಹತ್ತಿರ ನಿಂತಿತು.

“ಹೊಟ್ಟಿ ಅಂದ್ರ ತಿಳೀತು. ಇದು ಯಾಕವ್ವಾ?”

“ಗೊತ್ತಿಲ್ಲ, ಯವ್ವಾ.”

“ಗೊತ್ತಿಲ್ಲದ ಕೊಯ್ಸಿಕೊಂಡಿ?” ಎಂದಳು ತಾಯಿ. ಆಮೇಲೆ “ಛಂದ ಕಾಣ್ತದ ಬಿಡು,” ಎಂದು ಮುಖ ತಿರುಗಿಸಿ ಬಟ್ಟೆ ಹಿಂಡಿದಳು.

ಛಂದವೇ ಇತ್ತು. ಕನ್ನಡಿಯ ಮುಂದೆ ನಿಂತರೆ ಉಮಾಶ್ರೀಗೆ ಸಂತೋಷವಾಗುತ್ತಿತ್ತು. ಮುಟ್ಟಿಕೊಂಡರೆ ಮಾತ್ರ ಮರಗಟ್ಟಿದ ಚರ್ಮ, ಪಕ್ಕದ ಮನೆಯವರು ಇಟ್ಟುಹೋದ ಸಾಮಾನಿನ ಹಾಗೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಬಸ್ಸು ಹತ್ತಿದ ಉಮಾಶ್ರೀಯನ್ನು ಕಂಡು ಅಮರಮ್ಮನ ಮುಖ ಅರಳಿತು. ಕಣ್ಣು ಹೊಟ್ಟೆಗೆ ಇಳಿಯಿತು. ಮುಖ ಹಾಗೇ ಕಪ್ಪಿಟ್ಟಿತು. ಹಡೆದ ಬಾಣಂತಿಯಾದರೆ ರಜೆಯಲ್ಲಿರಬೇಕು, ದಿನ ತುಂಬಲು ಇನ್ನೂ ಹೊತ್ತಿತ್ತು. ಮುದುಕಿ ಯಾರನ್ನೂ ಕೇಳಬೇಕಾಗಲಿಲ್ಲ. ಕೈ ಹಿಡಿದು ಕೂರಿಸಿಕೊಂಡಳು.

“ಹೋತೇನವ್ವಾ?”

ಉಮಾಶ್ರೀ ಬಾಯಿ ತೆರೆಯುವ ಮೊದಲೇ ಅಮರಮ್ಮ ದನಿ ತಗ್ಗಿಸಿದಳು. “ನಂದೂ ಏಳು ತುಂಬಿ ಹೋತು. ಗಂಡು ಕೂಸು. ಮನಸಿನ್ಯಾಗ ಹೆಸರು ಇಟ್ಟಿದ್ನಿ, ತಿರುಪತಿ ಅಂತ. ನಮ್ಮ ಮನಿಯಾಂವಗೂ ಹೇಳಿಲ್ಲ. ಈಗ ನಿನ್ನ ಮುಂದ ಹೇಳಾಕತ್ತೀನಿ.” ಆಮೇಲೆ ಉಮಾಶ್ರೀಯ ಎದೆಯ ಕಡೆ ನೋಡಿ ಲೊಚಗುಟ್ಟಿದಳು. “ಕೂಸು ಹೋದ್ರೂ ಹಾಲಿಗಿ ತಿಳಿಯಂಗಿಲ್ಲ ನೋಡು. ಎಷ್ಟು ಬಿಗದಾವ. ಮಲ್ಲಿಗಿ ಹೂವು ಎದಿಗಿ ಕಟ್ಕೋ, ಹಾಲು ಬತ್ತತಾವ.”

ಬುಟ್ಟಿಯಿಂದ ಮಲ್ಲಿಗೆಯ ಮಾಲೆ ತೆಗೆದು ಬಾಳೆ ಎಲೆಯಲ್ಲಿ ಸುತ್ತಿ ಮಡಿಲಿಗಿಟ್ಟಳು.

“ಅಮರಮ್ಮಾ, ಕೂಸು ಇರಲೇ ಇಲ್ಲ,” ಎಂದಳು ಉಮಾಶ್ರೀ.

“ಹೌದವ್ವಾ. ಹಂಗ ಅನ್ಕೋಬೇಕು. ಇರಲೇ ಇಲ್ಲ ಅನ್ಕೋಬೇಕು.”

ಅಷ್ಟು ಕೇಳಿದ್ದೇ ತಡ, ಉಮಾಶ್ರೀಗೆ ಅಳು ಒತ್ತರಿಸಿ ಬಂತು. ತಿರುಪತಿಗಾಗಿ ಅತ್ತಳೋ, ತನಗಾಗಿಯೋ, ಇಲ್ಲದ ಕೂಸಿಗಾಗಿಯೋ ಅವಳಿಗೇ ತಿಳಿಯದು. ಸುತ್ತಲಿನ ಹೆಂಗಸರೂ ಕಣ್ಣೊರೆಸಿಕೊಂಡರು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಬಸವಪ್ರಸಾದ ನಗಲು ಹೋಗಿ ಅವಳ ಮುಖ ನೋಡಿ ತಡೆದುಕೊಂಡ.

“ಖರೆ ಹೇಳಿಬಿಡು.”

“ಏನಂತ ಹೇಳ್ಲಿ? ಯಾಕ ಮಾಡಿಸ್ಕೊಂಡೆ ಅಂತ ನಿಮಗ ಹೇಳಾಕ ಬರಲಿಲ್ಲ, ಅವ್ವಗ ಹೇಳಾಕ ಬರಲಿಲ್ಲ.”

ಆದರೂ ಮರುದಿನ ಬಸ್ಸಿನಲ್ಲಿ ಹೇಳಿದಳು. ಬಸುರಿಯಲ್ಲವೆಂದು ಹೇಳಲು ನಾಚಿದ್ದು, ಆಸ್ಪತ್ರೆ, ಹೊಟ್ಟೆ, ಎದೆ, ಎಲ್ಲವನ್ನೂ ಪಿಸುಮಾತಿನಲ್ಲಿ. ಅಮರಮ್ಮ ಕೇಳುತ್ತ ಕೂತಳು. ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಲೆಕ್ಕ ತಪ್ಪಿದವರ ಗಾಬರಿ ಕಂಡಿತು.

“ಮತ್ತ ನಾ ತಿರುಪತಿ ಸುದ್ದಿ ಯಾಕ ಹೇಳಿದ್ನಿ ನಿನಗ?” ಎಂದಳು.

ಮುದುಕಿ ಬುಟ್ಟಿ ಎತ್ತಿಕೊಂಡು ಹಿಂದಕ್ಕೆ ಹೋಗಿ ನಿಂತಳು. ಆ ವಾರವೆಲ್ಲ ಆ ಬಸ್ಸಿಗೆ ಬರಲಿಲ್ಲ. ಬೇರೆ ಬಸ್ಸು ಹಿಡಿಯುತ್ತಾಳೆಂದು ವಿರೂಪಣ್ಣ ಹೇಳಿದ.

ಆಮೇಲೊಂದು ಮುಂಜಾನೆ ಅಮರಮ್ಮ ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು. ಅವಳ ಕೈ ಹಿಡಿದು ಎರಡು ಜಡೆಯ ಪುಟ್ಟ ಹುಡುಗಿ.

“ಮೊಮ್ಮಗಳು, ಭಾಗ್ಯಜ್ಯೋತಿ. ಸಾಲಿಗಿ ಹಚ್ಚಬೇಕು, ಒಂದನೇತ್ತಿಗಿ.”

“ಬರ್ರಿ, ಒಳಗ ಬರ್ರಿ.”

“ನಾ ಒಲ್ಲೆ. ಇಕಿನ್ನ ಕರಕೊಂಡು ಹೋಗು.” ತಿರುಗಿದವಳು ನಿಂತಳು. “ಇನ್ನಾ ನೋಯ್ತದೇನು?”

“ಒಮ್ಮೊಮ್ಮಿ.”

“ಮತ್ಯಾಕ ಮಾಡಿಸ್ಕೊಂಡಿ, ಯವ್ವಾ,” ಎಂದಳು ಅಮರಮ್ಮ. “ಇಕಿ ಬಿಸಿ ಊಟ ಸರಿ ಉಣ್ಣಂಗಿಲ್ಲ, ಬಾಜೂಕ ಕುಂತು ಉಣಸು,” ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಮುದುಕಿ ತನ್ನನ್ನು ಕ್ಷಮಿಸಿದಳೋ, ಊರಲ್ಲಿ ಬೇರೆ ಶಾಲೆಯಿಲ್ಲವೆಂದು ಬಂದಳೋ, ಉಮಾಶ್ರೀಗೆ ಬಗೆಹರಿಯಲಿಲ್ಲ. ಪ್ರಾರ್ಥನೆಯ ಗಂಟೆ ಹೊಡೆಯಿತು. ಹುಡುಗಿಯ ಕೈ ಹಿಡಿದು ಒಳಗೆ ಹೋದಳು.