ಹೊಸ್ತಿಲಾಚೆಯ ಸಕ್ಕರೆ

ಉಷಾರಾಣಿ ಪೂವಮ್ಮಜ್ಜಿಯ ಮೈ ಒರೆಸಬಹುದು, ಮಲಮೂತ್ರ ಬಾಚಬಹುದು, ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ತೊಳೆದು ಮತ್ತೆ ಕೂರಿಸಬಹುದು. ಆ ಮನೆಯ ಅಡುಗೆಮನೆಗೆ ಮಾತ್ರ ಕಾಲಿಡುವಂತಿಲ್ಲ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಶನಿವಾರಸಂತೆಯಿಂದ ಸಿದ್ದಾಪುರದ ಈ ಎಸ್ಟೇಟಿಗೆ ಅಜ್ಜಿಯನ್ನು ನೋಡಿಕೊಳ್ಳಲು ಬಂದ ಮೊದಲ ದಿನ, ಸೊಸೆ ಕವನಾ ಯಾವ ಊರು, ಯಾವ ಕೇರಿ ಎಂದು ನಯವಾಗಿ ವಿಚಾರಿಸಿದ್ದಳು. ಸಂಜೆಯೊಳಗೆ ಹಿಂದಿನ ಜಗಲಿಯ ಕಿಟಕಿಯಲ್ಲಿ ಅವಳಿಗೆಂದು ಬೇರೆ ಲೋಟ ಬಂದು ಕೂತಿತ್ತು. ಅರ್ಥವಾಗಲು ಅಷ್ಟು ಸಾಕಲ್ಲವೇ!

ಅಂದು ಬೆಳಿಗ್ಗೆ ಎಂಟಕ್ಕೆ ಅವಳು ಅಜ್ಜಿಗೆ ಇನ್ಸುಲಿನ್ ಚುಚ್ಚಿದಳು. ಚುಚ್ಚಿದ ಮೇಲೆ ತಿಂಡಿ ತಡವಾಗಬಾರದು. ದಿನವೂ ಕವನಾ ತಟ್ಟೆಯನ್ನು ತಂದು ಅಡುಗೆಮನೆಯ ಹೊಸ್ತಿಲ ಬಳಿ ಇಡುತ್ತಿದ್ದಳು. ಅಂದು ಕಾಫಿ ಪಿಕ್ಕಿಂಗಿನ ಜನ ಬಂದರೆಂದು ತೋಟದ ಲೆಕ್ಕ ನೋಡುವ ರೈಟರ್ ಕೂಗಿದ್ದೇ ತಡ, ಎಲ್ಲ ಮರೆತು ತೋಟಕ್ಕೆ ನಡೆದುಬಿಟ್ಟಳು. ಒಲೆಯ ಪಕ್ಕ ಮುಚ್ಚಿಟ್ಟ ಕಡುಬಿನ ಪಾತ್ರೆ ಹೊಸ್ತಿಲಿನಿಂದ ಕಾಣುತ್ತಿತ್ತು. ಉಷಾರಾಣಿ ಅಲ್ಲೇ ನಿಂತು "ಅಕ್ಕಾ, ಅಕ್ಕಾ" ಎಂದು ಕರೆದಳು. ಫೋನ್ ಮಾಡಿದಳು, ಎತ್ತಲಿಲ್ಲ. ಮುಕ್ಕಾಲು ಗಂಟೆ ಕಾದಳು. ಆ ಮುಕ್ಕಾಲು ಗಂಟೆಯನ್ನು ನೆನೆದರೆ ಈಗಲೂ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕೋಣೆಗೆ ಮರಳಿದಾಗ ಅಜ್ಜಿ ಬೆವರಿನಲ್ಲಿ ತೊಯ್ದಿದ್ದರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಶುಗರ್ ಇಳಿದಿದೆ ಎಂದು ತಿಳಿಯಲು ಮೆಷಿನ್ ಬೇಕಿರಲಿಲ್ಲ. ಹೊಸ್ತಿಲು ಹಾಳಾಗಿ ಹೋಗಲಿ ಎಂದು ಒಳಗೆ ನುಗ್ಗಿದಳು. ಫಿಲ್ಟರಿನ ನೀರಿಗೆ ನಾಲ್ಕು ಚಮಚ ಸಕ್ಕರೆ ಕದಡಿ ತಂದು, ಅಜ್ಜಿಯ ತಲೆಯನ್ನು ತೋಳಿಗೆ ಒರಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಕಾಲು ಗಂಟೆಗೆ ಅಜ್ಜಿ ಕಣ್ಣು ಬಿಟ್ಟು, "ಹಸಿವಾಗ್ತದೆ ಮಗಾ" ಅಂದರು. ಕಡುಬನ್ನೂ ಅವಳೇ ತಂದು ತಿನ್ನಿಸಿದಳು.

ಹನ್ನೊಂದಕ್ಕೆ ಬಂದ ಕವನಾ ಎಲ್ಲ ಕೇಳಿಸಿಕೊಂಡಳು. "ಅಯ್ಯೋ, ಮರ್ತೇ ಹೋಯ್ತು. ನೀನಿದ್ದದ್ದು ಒಳ್ಳೇದಾಯ್ತು" ಎಂದವಳು ಸೀದಾ ಅಡುಗೆಮನೆಗೆ ಹೋದಳು. ಫಿಲ್ಟರಿನ ನೀರನ್ನೆಲ್ಲ ಸಿಂಕಿಗೆ ಸುರಿಯುವ ಸದ್ದು ಕೇಳಿಸಿತು. ಆಮೇಲೆ ಒಂದು ಪುಟ್ಟ ಸ್ಟೀಲ್ ಡಬ್ಬಿ ತಂದು ಮಂಚದ ಪಕ್ಕ ಇಟ್ಟಳು.

"ಸಕ್ಕರೆ ಇಲ್ಲೇ ಇರ್ಲಿ ಉಷಾ. ಇನ್ನು ನೀನು ಒಳಗೆ ಬರುದೇ ಬೇಡ."

ಎಂಥ ಉಪಕಾರ! ಉಷಾರಾಣಿಯ ಮೈಯೆಲ್ಲ ಉರಿದುಹೋಯಿತು.

"ನಾನು ಮುಟ್ಟಿದ್ದಕ್ಕೆ ನೀರು ಚೆಲ್ಲಿದ್ರಿ ಅಲ್ವಾ ಅಕ್ಕ? ಅದೇ ನೀರು ಅಜ್ಜಿ ಹೊಟ್ಟೇಲೈತೆ. ಇದೇ ಕೈಯಿಂದ ಕುಡ್ಸಿದ್ದು. ಅದನ್ನೆಂಗೆ ಚೆಲ್ತೀರಾ?"

"ಎಂತ ಮಾತಾಡ್ತೀಯ ನೀನು? ಕೆಲಸ ಬೇಕಾ ಬೇಡ್ವಾ?"

"ರಾತ್ರಿ ಊಟಕ್ ಮುಂಚೆ ಇನ್ನೊಂದು ಇಂಜೆಕ್ಷನ್ ಐತೆ. ಅಡುಗೆಮನೆ ಬಾಗ್ಲು ನಂಗಿಲ್ಲ ಅಂದ್ರೆ ನಾ ಸೂಜಿ ಮುಟ್ಟಲ್ಲ. ನೀವೇ ಚುಚ್ಕೊಳ್ಳಿ."

ಡಬ್ಬಿಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಗೂಡಿನಲ್ಲಿ ಕುಕ್ಕಿದಳು. ಜಗಲಿಯಿಂದ ತನ್ನ ಲೋಟ ತಂದು, ತೊಳೆದು, ಮನೆಯವರ ಲೋಟಗಳ ಸಾಲಿನಲ್ಲೇ ಬೋರಲು ಹಾಕಿದಳು. ಹಿಂದೆಯೇ ಬಂದ ಕವನಾ ಅದನ್ನು ತೆಗೆಯಲು ಕೈ ಚಾಚಿದಳು. ಅಷ್ಟರಲ್ಲಿ ಕೋಣೆಯಿಂದ ಅಜ್ಜಿಯ ದನಿ ಬಂತು.

"ಉಷಾ, ಒದ್ದೆಯಾಗಿದೆ ಮಗಾ..."

ಉಷಾರಾಣಿ ಕದಲಲಿಲ್ಲ. "ನಾ ಹೋಗ್ಲಾ ಅಕ್ಕ, ನೀವು ಹೋಗ್ತೀರಾ?"

ಕವನಾ ಕೋಣೆಯ ಕಡೆ ನೋಡಿದಳು, ಲೋಟದ ಕಡೆ ನೋಡಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೀರೆಗೆ ಒರೆಸಿಕೊಂಡಳು.

"ನೀನೇ ಹೋಗು" ಅಂದಳು.