ಆರ್ ಅಕ್ಷರದ ಕಾಲು

ಪುಸ್ತಕಗಳಿಗೆ ಇಂಗ್ಲಿಷ್ ಅಕ್ಷರ ರೂಪಿಸುವುದೇ ಅವನ ಕಸುಬು. ಅದಕ್ಕೇ ಗೆಳೆಯರು ಅವನಿಗೆ ಅಕ್ಷರಪ್ಪ ಎಂದು ಹೆಸರಿಟ್ಟಿದ್ದರು. ಹೊಗಳಿದರೆ ಉಬ್ಬಿಹೋಗುವ ಆಸಾಮಿ. ಆದರೆ ಆ ಸಂಜೆ ಗ್ರಂಥಾಲಯದ ಸಭಾಂಗಣದಲ್ಲಿ ಜನ ಹೊಗಳಿದಷ್ಟೂ ಅವನು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಎರಡನೇ ಸಾಲಿನಲ್ಲಿ ಅವನ ದೊಡ್ಡಮ್ಮ ಕೂತಿದ್ದಳು.

ಕರೆತಂದವಳು ಹೆಂಡತಿ. ಪಾಪ, ಅವಳಿಗೇನು ಗೊತ್ತು? ಗಂಡನ ಹೊಸ ಅಕ್ಷರಮಾಲೆಯಲ್ಲಿ ದೊಡ್ಡ ಪ್ರಕಾಶಕರೊಬ್ಬರು ನೂರು ಹಳೆಯ ಇಂಗ್ಲಿಷ್ ಕೃತಿಗಳನ್ನು ಮರುಮುದ್ರಿಸುತ್ತಿದ್ದಾರೆ, ಮನೆಯ ಹಿರಿಯರು ಬಂದು ನೋಡಲಿ ಎಂಬ ಆಸೆ ಅವಳದು. ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ‘ಈ ಅಕ್ಷರಗಳನ್ನು ರೂಪಿಸಿದವರು’ ಎಂದು ಅಕ್ಷರಪ್ಪನೊಬ್ಬನ ಹೆಸರೇ ಇರುವುದಿತ್ತು. ಆ ಪುಟ ಮರುದಿನ ಬೆಳಿಗ್ಗೆ ಅಚ್ಚಿಗೆ ಹೋಗುವುದಿತ್ತು.

ನಿಜ ಹೇಳಬೇಕೆಂದರೆ ಆ ಅಕ್ಷರಗಳು ದೊಡ್ಡಮ್ಮನವು. ಅಚ್ಚಿನ ಮೊಳೆ ಎರಕ ಹೊಯ್ಯುವ ಕಾರ್ಖಾನೆಯ ನಕ್ಷೆಕೋಣೆಯಲ್ಲಿ ಅವಳು ಇಪ್ಪತ್ತೆರಡು ವರ್ಷ ಬೆನ್ನು ಬಗ್ಗಿಸಿದವಳು. ಒಂದೊಂದು ಹಾಳೆಗೆ ಗೇಣುದ್ದದ ಒಂದೊಂದು ಅಕ್ಷರ. ಶಾಯಿ ಗೆರೆ ದಾಟಿದರೆ ಬ್ಲೇಡಿನಿಂದ ಹೆರೆದು ತಿದ್ದಬೇಕು. ಅಕ್ಷರದ ತುದಿಗಳಲ್ಲಿ ಸಣ್ಣ ಪಾದಗಳಿರುತ್ತವಲ್ಲ, ಸೆರಿಫ್ ಎನ್ನುತ್ತಾರೆ, ಅದರಲ್ಲಿ ಅವಳದು ಎತ್ತಿದ ಕೈ. ಅವಳು ಬರೆದ ಕೊನೆಯ ಅಕ್ಷರಮಾಲೆ ಎರಕಕ್ಕೆ ಹೋಗುವ ಮೊದಲೇ ಕಾರ್ಖಾನೆ ಮುಚ್ಚಿತು. ಕೆಲವು ತಿಂಗಳ ಮೇಲೆ ಕಾರ್ಖಾನೆ ತೆರವು ಮಾಡುವಾಗ ಆ ಹಾಳೆಗಳನ್ನು ಕೇಳಿ ಪಡೆದು, ಮನೆಗೆ ತಂದು ಮಂಚದ ಕೆಳಗೆ ಇಟ್ಟಿದ್ದಳು. ತಂಗಿಯ ಮಗ ಇದೇ ವಿದ್ಯೆ ಕಲಿಯಲು ಹೊರಟಾಗ, ನೋಡಿ ಕೈ ಪಳಗಿಸಿಕೋ ಎಂದು ಕಟ್ಟುಸಮೇತ ಕೊಟ್ಟಳು.

ಅವನು ಕೈ ಪಳಗಿಸಿಕೊಂಡ. ಆಮೇಲೆ ಕೈಚಳಕವನ್ನೂ ತೋರಿಸಿದ. ಹಾಳೆಗಳ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಅಂಚಿನುದ್ದಕ್ಕೂ ಗೆರೆ ಎಳೆದು, ಅಕ್ಷರ ಅಕ್ಷರಗಳ ನಡುವಿನ ಜಾಗ ಹೊಂದಿಸಿ ಆರು ವರ್ಷ ಕಣ್ಣು ಸವೆಸಿದ. ಶ್ರಮ ಸುಳ್ಳಲ್ಲ. ಆದರೆ ಯಾರಾದರೂ ಕೇಳಿದಾಗ ‘ಹಳೆಯ ಮಾದರಿಗಳಿಂದ ಸ್ಫೂರ್ತಿ’ ಎಂದು ತಿಪ್ಪೆ ಸಾರಿಸುತ್ತಿದ್ದ. ದೊಡ್ಡಮ್ಮನಿಗೆ ಇಂದಲ್ಲ ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ವರ್ಷಗಳು ಕಳೆದಿದ್ದವು.

ಸಭೆಯಲ್ಲಿ ಒಬ್ಬ ಪುಸ್ತಕ ವಿನ್ಯಾಸಕಿ ಎದ್ದು ಪ್ರಶ್ನೆ ಕೇಳಿದಳು. ಉಳಿದೆಲ್ಲ ಅಕ್ಷರಗಳು ಗೆರೆಯ ಮೇಲೆ ಅಚ್ಚುಕಟ್ಟಾಗಿ ನಿಂತಿವೆ, ಆರ್ ಅಕ್ಷರದ ಚಾಚಿದ ಕಾಲು ಮಾತ್ರ ಒಂದೆಳೆ ಕೆಳಗೆ ಜಾರಿದೆಯಲ್ಲ, ಯಾಕೆ? ಅಕ್ಷರಪ್ಪನ ನಾಲಿಗೆ ಅವನ ಬುದ್ಧಿಗಿಂತ ಮುಂದೆ ಓಡಿತು. ಅದು ಓದುಗನ ಕಣ್ಣನ್ನು ಮುಂದಿನ ಅಕ್ಷರಕ್ಕೆ ಕರೆದೊಯ್ಯುವ ಕಾಲು, ಅದೊಂದಕ್ಕೇ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೆ ಎಂದುಬಿಟ್ಟ. ಜನ ತಲೆದೂಗಿದರು. ಕೆಲವರು ಬರೆದುಕೊಂಡರು ಕೂಡ.

ಸಭೆ ಮುಗಿದ ಮೇಲೆ ದೊಡ್ಡಮ್ಮ ಗೋಡೆಯ ಮೇಲಿನ ಅಕ್ಷರಗಳ ಮಾದರಿ ಹಲಗೆಯ ಮುಂದೆ ನಿಂತಿದ್ದಳು. ಅವನು ಕಾಲೆಳೆಯುತ್ತ ಹತ್ತಿರ ಹೋದ.

“ಅವತ್ತು ಹೆಬ್ಬೆರಳಿಗೆ ಬ್ಲೇಡ್ ತಾಗಿತ್ತು ಕಣೋ. ಬಟ್ಟೆ ಸುತ್ಕೊಂಡೇ ಬರೆದೆ, ಈ ಕಾಲು ಜಾರಿಹೋಯ್ತು. ಮಾರನೇ ದಿನ ತಿದ್ದೋಣ ಅಂತ ಹೋದ್ರೆ ಬಾಗಿಲಿಗೆ ಬೀಗ,” ಎಂದಳು ಮೆಲ್ಲಗೆ. “ಕೇಳಿದ್ರೆ ಹೇಳ್ತಿದ್ದೆ. ನೀನು ಹೇಳಿದ್ದು ಎಷ್ಟು ಚೆನ್ನಾಗಿತ್ತು ಅಂದ್ರೆ, ನಾನೇ ಒಂದು ಗಳಿಗೆ ನಂಬಿಬಿಟ್ಟೆ.”

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ಉತ್ತರ ಹೊಳೆಯುತ್ತಿತ್ತೇನೋ. ಅವಳ ದನಿಯಲ್ಲಿ ಕೋಪವೇ ಇರಲಿಲ್ಲ.

ಅಷ್ಟರಲ್ಲಿ ಪ್ರಕಾಶಕ ಬಂದು, ಇವರು ಯಾರು ಎಂದು ವಿಚಾರಿಸಿದ. ನಮ್ಮ ದೊಡ್ಡಮ್ಮ ಎಂದ ಅಕ್ಷರಪ್ಪ. ನಿಮಗೂ ಅಕ್ಷರಗಳಲ್ಲಿ ಆಸಕ್ತಿಯೇ ಎಂದು ಪ್ರಕಾಶಕ ಮರ್ಯಾದೆಗೆ ಕೇಳಿದ. ದೊಡ್ಡಮ್ಮ ಅಕ್ಷರಪ್ಪನ ಮುಖ ನೋಡಿದಳು. ಅವನು ಹೇಳಲಿ ಎಂದು ಕಾಯುತ್ತಿದ್ದಳು, ಅದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಅವನು ತನ್ನ ಚಪ್ಪಲಿ ನೋಡಿಕೊಂಡ.

“ಇಲ್ಲಪ್ಪ, ನಂಗೇನೂ ತಿಳಿಯೋದಿಲ್ಲ. ನಮ್ಮ ಹುಡುಗನ್ನ ನೋಡೋಣ ಅಂತ ಬಂದೆ,” ಎಂದು ದೊಡ್ಡಮ್ಮ ಚೀಲ ಹೆಗಲಿಗೇರಿಸಿ ಹೊರಟಳು.

ಆ ಮಾತು ಅವನನ್ನು ಕೊಂದುಹಾಕಿತು. ಇಪ್ಪತ್ತೆರಡು ವರ್ಷದ ಕೆಲಸವನ್ನು ಅವಳು ಅವನ ಮಾನಕ್ಕಾಗಿ ಒಂದೇ ಉಸಿರಿನಲ್ಲಿ ಅಳಿಸಿಹಾಕಿದ್ದಳು. ಅವನು ಪ್ರಕಾಶಕನ ತೋಳು ಹಿಡಿದು ಹೆಚ್ಚುಕಡಿಮೆ ಎಳೆದುಕೊಂಡೇ ಮೆಟ್ಟಿಲ ಹತ್ತಿರ ಓಡಿದ. ಹೆಂಡತಿ ದೊಡ್ಡಮ್ಮನ ಕೈ ಹಿಡಿದು ಇಳಿಸುತ್ತಿದ್ದಳು. ಅಲ್ಲೇ, ಇಳಿದು ಹೋಗುವವರೆಲ್ಲ ತಿರುಗಿ ನೋಡುತ್ತಿದ್ದ ಹಾಗೇ, ಹಾಳೆಗಳ ಕಟ್ಟಿನಿಂದ ಹಿಡಿದು ಆರ್ ಅಕ್ಷರದ ಕಾಲಿನವರೆಗೆ ಎಲ್ಲ ಒದರಿಬಿಟ್ಟ. ನಾಳೆ ಆ ಪುಟ ನಿಲ್ಲಿಸಿ, ಅವಳ ಹೆಸರು ಹಾಕಿ ಎಂದ. ಹೆಂಡತಿ ಅವನನ್ನು ಗುರುತಿಲ್ಲದವನಂತೆ ನೋಡಿದಳು.

ಪ್ರಕಾಶಕ ಹುಬ್ಬು ಗಂಟಿಕ್ಕಿ ದೊಡ್ಡಮ್ಮನ ಕಡೆ ತಿರುಗಿದ. ಏನೂ ತಿಳಿಯದು ಎಂದಿದ್ದಿರಲ್ಲ ಎಂದ.

ದೊಡ್ಡಮ್ಮನ ಕಿವಿ ಕೆಂಪಾಯಿತು. ಇಡೀ ಸಂಜೆಯಲ್ಲಿ ಮೊದಲ ಬಾರಿಗೆ ಅವಳ ದನಿ ನಡುಗಿತು.

“ಒಂದು ಗಳಿಗೆ ಮುಂಚೆ ಬಾಯಿ ಬಿಟ್ಟಿದ್ರೆ ಆಗ್ತಿರಲಿಲ್ವೇನೋ? ಈ ವಯಸ್ಸಲ್ಲಿ ನನ್ನನ್ನೂ ಸುಳ್ಳಿ ಮಾಡಿದೆಯಲ್ಲೋ.”

ಪ್ರಕಾಶಕ ಜೇಬಿನಿಂದ ಪೆನ್ನು ತೆಗೆದು, ಅಮ್ಮ, ಪೂರ್ತಿ ಹೆಸರು ಹೇಳಿ ಎಂದ. ದೊಡ್ಡಮ್ಮ ಕಂಬಿ ಹಿಡಿದು ನಿಂತು, ತಲೆ ತಗ್ಗಿಸಿಕೊಂಡೇ, ತಪ್ಪೊಪ್ಪಿಕೊಳ್ಳುವವಳ ದನಿಯಲ್ಲಿ ತನ್ನ ಹೆಸರು ಹೇಳಿದಳು.