ಗುಬ್ಬಿಯ ಬಹುವಚನ

ಮುರಿದ ಸಂಸಾರಗಳನ್ನು ನನ್ನಷ್ಟು ನೋಡಿದವರು ಈ ಭೂಮಂಡಲದಲ್ಲಿ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಕೌಟುಂಬಿಕ ನ್ಯಾಯಾಲಯದ ಮೂರನೇ ಮಹಡಿಯ ಭೇಟಿ ಕೋಣೆ ನನ್ನ ಸಾಮ್ರಾಜ್ಯ. ಬೇರೆಯಾದ ಗಂಡ ಹೆಂಡಿರಲ್ಲಿ ಮಗು ಯಾರ ಬಳಿ ಇಲ್ಲವೋ ಅವರು ಶನಿವಾರ ಇಲ್ಲಿಗೆ ಬಂದು, ನನ್ನ ಕಣ್ಣೆದುರು ಒಂದು ಗಂಟೆ ಮಗುವಿನ ಜೊತೆ ಕೂತು ಹೋಗಬೇಕು. ನಾನೊಮ್ಮೆ ಕೆಮ್ಮಿದರೆ ಕೆಳಗಿನ ಮಹಡಿಯ ವಕೀಲರೆಲ್ಲ ಬಾಯಿ ಮುಚ್ಚುತ್ತಾರೆ. ಸಂಜೆಯಾಗುವ ಹೊತ್ತಿಗೆ ಮಾತ್ರ ನನ್ನ ಕಾಲು ಆನೆಯ ಕಾಲಿಗಿಂತ ದಪ್ಪ ಊದಿಕೊಂಡು, ಈ ಸಾಮ್ರಾಜ್ಯವನ್ನು ಯಾರಿಗಾದರೂ ಧಾರೆ ಎರೆದು ಮಲಗಿಬಿಡೋಣ ಅನ್ನಿಸುತ್ತದೆ.

ಆ ಶನಿವಾರದ ಕೊನೆಯ ಭೇಟಿ ಗುಬ್ಬಿಯದು. ಏಳು ವರ್ಷದ ಹುಡುಗಿ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಯುಗಗಳೇ ಕಳೆದಿವೆ. ಪ್ರತಿ ವಾರ ಅದರ ಮುಚ್ಚಿದ ಬಾಗಿಲನ್ನು ಹಸಿದವನು ತಟ್ಟೆ ನೋಡುವ ಹಾಗೆ ನೋಡಿ ಮೆಟ್ಟಿಲು ಹತ್ತಿ ಬರುತ್ತಾನೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅಮ್ಮ ಹೊರಗಿನ ಬೆಂಚಿನಲ್ಲಿ ಕೂತು ಗೋಡೆ ನೋಡುತ್ತಾಳೆ.

ಅಪ್ಪ ಮಗಳು ಹಾವು ಏಣಿ ಆಡುತ್ತಿದ್ದರು. ಒಂದು ಕಾಯಿ ಕಳೆದುಹೋಗಿ ಅದರ ಬದಲು ಕೋಟಿನ ಗುಂಡಿ.

"ನಿಮ್ಮ ಸರದಿ. ದಾಳ ಹಾಕಿ," ಅಂದಳು ಗುಬ್ಬಿ.

ಅವನು ಹಾಕಿದ.

"ಹಾವಿನ ಬಾಯಿಗೆ ಬಿದ್ರಿ. ಕೆಳಗೆ ಬನ್ನಿ."

ಗುಂಡಿ ಸರ್ರನೆ ಬಾಲದವರೆಗೆ ಇಳಿಯಿತು. ಅವನ ಮುಖವೂ.

ಗಂಟೆ ಮುಗಿಯಿತು. ಗುಬ್ಬಿ ಆಟದ ಡಬ್ಬಿ ಮುಚ್ಚುತ್ತಿರುವಾಗ ಅವನು ಮೂಲೆಗೆ ಬಂದು ನನಗೆ ಪಿಸುಗುಟ್ಟಿದ: "ಮೇಡಂ, ಮುಂದಿನ ವಾರದಿಂದ ನಾನು ಬರಲ್ಲ."

"ಯಾಕಪ್ಪಾ, ಹಾವು ಅಷ್ಟು ಜೋರಾಗಿ ಕಚ್ತಾ?"

ಅವನು ನಗಲಿಲ್ಲ. "ಕೇಳಿಸ್ಕೊಂಡ್ರಲ್ಲ? ಲಿಫ್ಟ್ ಕೆಟ್ಟ ಮನೆಯವರು ನನ್ನ ಹೀಗೆ ಮಾತಾಡಿಸ್ತಾರೆ. ಮುಂಚೆ 'ಅಪ್ಪಾ, ಬಾರೋ' ಅಂತಿದ್ಲು. ಈಗ ನಾನು ಹೊರಗಿನವನು. ಅವಳಿಗೂ ಹಿಂಸೆ, ನಂಗೂ ಹಿಂಸೆ. ಸಾಕಾಗೋಯ್ತು."

ಹೀಗೆ ಸಾಕಾಗಿ ಹೋದವರು ಮತ್ತೆ ಬಂದದ್ದನ್ನು ನಾನು ನೋಡಿಲ್ಲ. ಬಾಗಿಲು ತೆಗೆದು ಅಮ್ಮನನ್ನೇ ಕೇಳಿದೆ.

"ನಾನು ಹೇಳಿಕೊಟ್ಟಿಲ್ಲಮ್ಮಾ, ನನ್ನಾಣೆ," ಅಂದಳು ಆಕೆ. "ನಂಗೆ ಮನೇಲಿ 'ಹೋಗೇ ಅಮ್ಮಾ' ಅಂತಾಳೆ. ಅವರ ವಿಷಯ ನಾನು ಎತ್ತೋದೇ ಇಲ್ಲ."

ಇನ್ನುಳಿದದ್ದು ಗುಬ್ಬಿ. ಅವಳ ಶೂ ಲೇಸ್ ಕಟ್ಟುವ ನೆಪದಲ್ಲಿ ಕುಕ್ಕರಗಾಲಲ್ಲಿ ಕೂತೆ. ನನ್ನ ಮಂಡಿಯ ಸದ್ದು ಪಕ್ಕದ ಬೀದಿಗೂ ಕೇಳಿಸಿರಬೇಕು.

"ಏನೇ ಗುಬ್ಬಿ, ಅಪ್ಪಂಗೆ ಇಷ್ಟೊಂದು ಮರ್ಯಾದೆ?"

"ಬೇರೆ ಆದ್ಮೇಲೆ ಹಾಗೇ ಅನ್ನೋದು," ಅಂದಳು, ನನಗೆ ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ.

"ಯಾರು ಹೇಳಿದ್ದು?"

"ಯಾರೂ ಇಲ್ಲ. ಮುಂಚೆ ಇವರಿಬ್ಬರೂ ನೀನು ನೀನು ಅಂತಿದ್ರು. ಕಿರುಚಾಡೋವಾಗ್ಲೂ ನೀನೇ. ಆಮೇಲೆ ಒಂದಿನ ಜಗಳ ನಿಂತೋಯ್ತು. ನೀವು ಅನ್ನೋಕೆ ಶುರು ಮಾಡಿದ್ರು. 'ನಿಮ್ಮ ಊಟ ಅಲ್ಲಿದೆ', 'ನಿಮ್ಮ ಬೀಗದಕೈ ಇಲ್ಲಿದೆ'. ಆಮೇಲೆ ಅಪ್ಪ ಹೋದ್ರು." ಲೇಸಿನ ಕಡೆ ನೋಡಿದಳು. "ನಂಗೆ ಗೊತ್ತಾಗೋಕೆ ಸ್ವಲ್ಪ ದಿನ ಬೇಕಾಯ್ತು. ಈಗ ಮರೆಯಲ್ಲ."

ಬಾಗಿಲು ತೆರೆದೇ ಇತ್ತು. ಇಬ್ಬರಿಗೂ ಕೇಳಿಸಿತ್ತು.

ಇಂಥ ಗಳಿಗೆಗೆಂದೇ ನನ್ನ ಹತ್ತಿರ ಬಂಡೆ ಕರಗಿಸುವ ಸಾವಿರ ಭಾಷಣಗಳಿವೆ. ಆ ಸಂಜೆ ಒಂದೂ ಏಳಲಿಲ್ಲ. ನಾನೂ ನೆಲದಿಂದ ಏಳಲಿಲ್ಲ.

ಅಮ್ಮ ಎದ್ದಳು. ಚೀಲ ಹೆಗಲಿಗೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆಮೇಲೆ ಅವನ ಮುಖ ನೋಡದೆ, "ಶರ್ಟಿನ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದ್ದೀಯ," ಅಂದಳು. ಭಾರದ ಮೂಟೆಯನ್ನು ಅರ್ಧ ದಾರಿಯಲ್ಲಿ ಇಳಿಸಿದಂಥ ದನಿ. "ಮುಂದಿನ ವಾರ ಸ್ವಲ್ಪ ಬೇಗ ಬಾ. ನಂಗೆ ಅಂಗಡಿಗೆ ಹೋಗೋದಿದೆ."

ಅವನು ಎದೆಯ ಮೇಲೆ ಗುಂಡಿ ಹುಡುಕಿದ. "ಹೂಂ. ನೀ..." ಮಾತು ತುಕ್ಕು ಹಿಡಿದ ಲಿಫ್ಟಿನಂತೆ ನಡುವೆ ನಿಂತು, ಮತ್ತೆ ಹೊರಟಿತು. "ನೀನು ಹೋಗು. ನಾನು ನೋಡ್ಕೋತೀನಿ."

ಅಷ್ಟೇ. ಯಾರೂ ಅಳಲಿಲ್ಲ, ಯಾರೂ ಒಂದಾಗಲಿಲ್ಲ. ಡೈವೋರ್ಸ್ ಆದದ್ದು ಆದ ಹಾಗೇ ಇತ್ತು. ಗುಬ್ಬಿ ಮಾತ್ರ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದಳು, ಕಲಿತ ಲೆಕ್ಕ ತಪ್ಪಾಯಿತೇನೋ ಅನ್ನುವಂತೆ. ಅಮ್ಮನ ಕೈ ಹಿಡಿದು ನಾಲ್ಕು ಮೆಟ್ಟಿಲು ಇಳಿದವಳು ತಿರುಗಿ ನಿಂತಳು.

"ಅಪ್ಪಾ, ಮುಂದಿನ ವಾರ ಬರ್ತೀ..." ಕೊನೆಯ ಅಕ್ಷರವನ್ನು ಬಾಯಲ್ಲೇ ಹೊರಳಿಸಿದಳು. ಅವನು ಕಂಬಿ ಹಿಡಿದು ಕಾದ.

"...ಯಾ?"

"ಬರ್ತೀನಿ ಕಣೇ."

ಇದೆಲ್ಲ ನನ್ನದೇ ಕೈಚಳಕ ಅಂತ ಸೋಮವಾರ ಇಡೀ ಕಟ್ಟಡಕ್ಕೆ ಸಾರಿದೆ ಅನ್ನಿ. ಆ ಸಂಜೆ ಮಾತ್ರ ಅದಕ್ಕೂ ತ್ರಾಣವಿರಲಿಲ್ಲ. ಚಪ್ಪಲಿ ಕಳಚಿ, ನೆಲದ ಮೇಲೇ ಕಾಲು ಚಾಚಿ, ಗುಬ್ಬಿ ಹೊರಗೇ ಮರೆತಿದ್ದ ಆ ಕೋಟಿನ ಗುಂಡಿಯನ್ನು ಡಬ್ಬಿಯೊಳಗೆ ಹಾಕಿದೆ. ಮುಂದಿನ ವಾರಕ್ಕೆ ಬೇಕಾಗುತ್ತದೆ.